ಹನ್ನೊಂದು ಸಲ ‘ಇಲ್ಲ’

ಜ್ವರ ಬಂದಿತ್ತಾ, ಗಂಟಲು ನೋವಿದೆಯಾ, ನಿದ್ದೆ ಕೆಟ್ಟಿದೆಯಾ ಎಂದು ಹಾಳೆ ನೋಡಿಕೊಂಡು ಕೇಳುತ್ತಾ ಹೋದೆ. ಹನ್ನೊಂದು ಪ್ರಶ್ನೆ ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಸೂಜಿಯ ಭಯವಿರಬೇಕೆಂದು ಸಮಾಧಾನ ಹೇಳಲು ಹೋದೆ.

“ಭಯ ಅಲ್ಲ. ಇಷ್ಟೊಂದು ಯಾರೂ ಕೇಳಿರಲಿಲ್ಲ,” ಅಂದಳು.

ನಾನು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ದೇಹವೇ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆಯೊಂದಿದೆ. ಅದಿರುವ ಹೆಂಗಸರ ರಕ್ತದಲ್ಲಿ ಉರಿಯೂತದ ಗುರುತುಗಳು ಹೇಗೆ ಏರಿಳಿಯುತ್ತವೆ ಎಂಬ ಅಧ್ಯಯನ ನಮ್ಮಲ್ಲಿ ನಡೆದಿತ್ತು. ತಿಂಗಳಿಗೊಮ್ಮೆ, ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ ಬರಬೇಕು. ರಕ್ತ ತೆಗೆಯುವ ಮೊದಲು ಪ್ರಶ್ನೆಗಳನ್ನು ಕೇಳಲೇಬೇಕು. ಸಣ್ಣ ಜ್ವರವಿದ್ದರೂ ಫಲಿತಾಂಶ ಕೆಡುತ್ತದೆ; ಅಂಥವರನ್ನು ವಾಪಸ್ ಕಳಿಸಬೇಕು.

ಅವಳು ಶಾಲೆಗಳ ಯೂನಿಫಾರ್ಮ್ ಹೊಲಿಯುವ ಟೈಲರ್. ಮಧ್ಯಾಹ್ನದ ಹೊತ್ತಿಗೆ ತೋಳು ಎತ್ತಲಾಗುತ್ತಿರಲಿಲ್ಲ. ಅತ್ತಿಗೆ ಅದಕ್ಕೆ ಮೈಗಳ್ಳತನ ಎಂದು ಹೆಸರಿಟ್ಟಿದ್ದಳು. ಊಟ ಸರಿಯಾಗಿಯೇ ಸೇರುತ್ತದಲ್ಲ ಎಂದು ಅಮ್ಮ ದನಿಗೂಡಿಸುತ್ತಿದ್ದರು.

ಎರಡನೇ ತಿಂಗಳು ನನಗೆ ಹೆಸರಿಟ್ಟಳು: ಸೂಜಿಯವರು.

“ಇಬ್ಬರದೂ ಒಂದೇ ಕೆಲಸ ಬಿಡಿ. ನಿಮ್ಮ ಸೂಜಿಗೆ ದಾರ ಇಲ್ಲ, ಅಷ್ಟೇ.”

ಮೂರನೇ ತಿಂಗಳು ನನ್ನ ಕೋಟಿನ ಗುಂಡಿ ನೇತಾಡುವುದನ್ನು ಕಂಡು ನಿಲ್ಲಿಸಿಯೇ ಹೊಲಿದಳು. ದಾರ ಕಡಿಯಲು ಬಾಗಿದಾಗ ಅವಳ ಹಣೆ ನನ್ನ ಎದೆಗೆ ತಾಗುವಷ್ಟು ಹತ್ತಿರ ಬಂತು. ತಲೆ ಎತ್ತದೆಯೇ, ಉಸಿರಾಡಬಹುದು ಎಂದಳು. ನಾಲ್ಕನೇ ತಿಂಗಳು ಕ್ಯಾಂಟೀನಿನಲ್ಲಿ ಎರಡು ಗಂಟೆ ಕೂತೆವು. ಭಾನುವಾರ ನಿಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಮದುವೆಯ ಮಾತಾಡುತ್ತೇನೆ ಎಂದು ನಾನು ಫೋನಿನಲ್ಲಿ ಹೇಳಿದ್ದು ಐದನೇ ತಿಂಗಳು.

ಆ ವಾರವೇ ರಕ್ತ ಕೊಡಲು ಬಂದಳು. ಕೆನ್ನೆ ಕೆಂಪಾಗಿತ್ತು, ಮಾತು ಕಡಿಮೆ, ಕಣ್ಣು ನೆಲದಲ್ಲಿ. ತೋಳಿಗೆ ಪಟ್ಟಿ ಕಟ್ಟುವಾಗ ಮೈ ಬಿಸಿಯಿತ್ತು. ಭಾನುವಾರದ ನಾಚಿಕೆ ಎಂದುಕೊಂಡೆ. ಹಾಳೆಯನ್ನು ಅವಳು ಬರುವ ಮೊದಲೇ ತುಂಬಿಟ್ಟಿದ್ದೆ, ಹನ್ನೊಂದಕ್ಕೂ ‘ಇಲ್ಲ’. ಇವಳನ್ನು ಇನ್ನೇನು ಕೇಳುವುದು, ನನಗೆ ಗೊತ್ತಿಲ್ಲದ್ದೇನಿದೆ ಅನ್ನಿಸಿತ್ತು.

ಯಾವಾಗಲೂ ಮೂರು, ನಾಲ್ಕು ಬರುತ್ತಿದ್ದ ಸಿಆರ್‌ಪಿ, ಅಂದರೆ ಉರಿಯೂತದ ಮುಖ್ಯ ಗುರುತು, ನಲವತ್ತೆಂಟು ಬಂತು. ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಮೇಡಂ ಗಾಬರಿಯಾಗಿ ಶನಿವಾರ ಅವಳನ್ನು ಕರೆಸಿದರು. ಏನೂ ತೊಂದರೆಯಿಲ್ಲ ಎಂದು ನೀವೇ ಹೇಳಿದ್ದೀರಲ್ಲ ಎಂದು ಹಾಳೆ ಮುಂದಿಟ್ಟರು. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಆಮೇಲೆ, ಅವತ್ತಿಗೆ ಮೂರು ದಿನದಿಂದ ಜ್ವರವಿತ್ತು, ಎಂಜಲು ನುಂಗಲೂ ಆಗುತ್ತಿರಲಿಲ್ಲ ಎಂದಳು. ಮೇಡಂ ನನ್ನ ಕಡೆ ನೋಡಿದರು.

ಕಾರಿಡಾರಿನಲ್ಲಿ ಅವಳ ಹಿಂದೆ ಓಡಿದೆ.

“ಯಾಕೆ ಹೇಳ್ಲಿಲ್ಲ ನೀವು?”

“ಕೇಳ್ತೀರಿ ಅಂತ ಕಾಯ್ತಾ ಇದ್ದೆ. ಹೇಳಿ ಹೇಳಿ ಸಾಕಾಗಿದೆ ನನಗೆ. ಕೇಳೋರು ನೀವೊಬ್ರೇ ಇದ್ರಿ.”

“ನಾಚಿಕೆ ಅಂದ್ಕೊಂಡೆ.”

ಅವಳಿಗೆ ನಗು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನಾಳೆ ಬರ್ಲಾ?”

“ಬೇಡ. ನಿನಗೇನೂ ಆಗಿಲ್ಲ ಅನ್ನೋರು ಮನೇಲಿ ಆಗಲೇ ಇಬ್ರಿದ್ದಾರೆ. ಮೂರನೆಯವರನ್ನ ನಾನೇ ಕರ್ಕೊಂಡು ಬರ್ಲಾ?”

ಅವಳು ಮೆಟ್ಟಿಲ ಕಂಬಿ ಹಿಡಿದು, ನಡುವೆ ಎರಡು ಕಡೆ ದಣಿವಾರಿಸಿಕೊಂಡು ಇಳಿದುಹೋದಳು.

ಸೋಮವಾರ ಅವಳು ಅಧ್ಯಯನ ಬಿಟ್ಟ ಪತ್ರ ಬಂತು. ಬಿಟ್ಟವರ ರಕ್ತವನ್ನು ಇಟ್ಟುಕೊಳ್ಳುವಂತಿಲ್ಲ. ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಿಂದ ಅವಳ ಐದು ಟ್ಯೂಬ್ ತೆಗೆದೆ. ನಾಲ್ಕನ್ನು ತ್ಯಾಜ್ಯದ ಕೆಂಪು ಚೀಲಕ್ಕೆ ಹಾಕಿದೆ. ಐದನೆಯದರಲ್ಲಿ ಅವಳ ಜ್ವರವಿತ್ತು. ಬೆರಳು ಮರಗಟ್ಟುವವರೆಗೆ ಹಿಡಿದುಕೊಂಡು ನಿಂತೆ. ಆಮೇಲೆ ಅದನ್ನೂ ಹಾಕಿ ಸಹಿ ಮಾಡಿದೆ.