ನಾಲ್ಕನೇ ನಂಬರಿನ ಮೌಸ್

ಮಾನಿಟರಿನ ಅಂಚಿಗೆ ಸೆಲೋಟೇಪಿನಿಂದ ಅಂಟಿಸಿದ್ದ ಚೀಟಿಯನ್ನು ರೇಣುಕಾದೇವಿ ಎರಡು ಸಲ ಓದಿದಳು.

‘ದಯಮಾಡಿ ಮೌಸ್ ಉಲ್ಟಾ ಮಾಡಿ ಇಡಬ್ಯಾಡ್ರಿ. ಎಡಗಡೆ ಬಟನ್ ಒತ್ತಿದ್ರ ಬಲಗಡೆದ್ದು ಕೆಲಸ ಮಾಡ್ತೈತಿ. ನಿನ್ನೆ ಹುಲಿ ಬಾಯಾಗ ಬಿದ್ದು ಸತ್ತೀನಿ. – ಆರು ಗಂಟಿಯವ.’

ಅವಳಿಗೆ ಸಿಟ್ಟೂ ಬಂತು, ನಗೆಯೂ ಬಂತು.

ಗಂಗಾವತಿ ಬಸ್ ಸ್ಟ್ಯಾಂಡಿನ ಎದುರು ಓಣಿಯಲ್ಲಿ ಮಕ್ಬುಲಸಾಬನ ನೆಟ್ ಸೆಂಟರ್. ಎಂಟು ಕಂಪ್ಯೂಟರ್ ಇದ್ದರೂ ಆನ್‌ಲೈನ್ ಆಟ ತಡವರಿಸದೆ ಓಡುತ್ತಿದ್ದುದು ನಾಲ್ಕನೇ ನಂಬರಿನಲ್ಲಿ ಮಾತ್ರ. 2009ರ ಆ ಚಳಿಗಾಲದಲ್ಲಿ ಅದರ ಸಂಜೆ ಐದರಿಂದ ಆರು ರೇಣುಕಾಳದು. ಆರರಿಂದ ಏಳು ಇನ್ಯಾರದೋ. ಬೆಳಗಿನಿಂದ ಡಿಟಿಪಿ ಅಂಗಡಿಯಲ್ಲಿ ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಬೆನ್ನು ಬಿದ್ದುಹೋಗಿರುತ್ತಿತ್ತು. ಆ ಒಂದು ತಾಸು ಮಾತ್ರ ಅವಳು ಕತ್ತಿ ಹಿಡಿದ ಯೋಧೆ.

ಮೌಸನ್ನು ಅವಳು ಎಡಗೈಯಲ್ಲಿ ಹಿಡಿಯುತ್ತಿದ್ದಳು. ಅದಕ್ಕೇ ಬಟನ್ ಅದಲುಬದಲು ಮಾಡಿಕೊಂಡು, ನಡೆಯುವ, ಹೊಡೆಯುವ ಕೀಗಳನ್ನು ಬಲಗಡೆಯ ಬಾಣದ ಗುರುತುಗಳಿಗೆ ಕೊಟ್ಟುಕೊಳ್ಳುವುದು. ಆರು ಹೊಡೆಯುವ ಮೊದಲೇ ಎದ್ದು ಓಡುವ ಅವಸರದಲ್ಲಿ ಅದನ್ನು ಮೊದಲಿನಂತೆ ಮಾಡಲು ಮರೆಯುವುದು. ಮರುದಿನ ಬಂದರೆ ಎಲ್ಲ ಅಳಿಸಿಹೋಗಿರುತ್ತಿತ್ತು.

ಚೀಟಿ ತಿರುಗಿಸಿ ಬರೆದಳು: ‘ನಿಮ್ಮ ಸೀದಾನ ನನಗ ಉಲ್ಟಾ. ನಾನೂ ದಿನಾ ತಿದ್ದಿಕೋತೀನಿ, ಚೀಟಿ ಬರಿಯಂಗಿಲ್ಲ. ಹುಲಿಗೆ ನನ್ನ ಕಡಿಂದ ಥ್ಯಾಂಕ್ಸ್ ಹೇಳ್ರಿ. – ಐದು ಗಂಟಿ.’

ಎಡಗೈ ಎಂದು ಬರೆಯಲಿಲ್ಲ. ಆ ಮಾತನ್ನು ಅವಳು ಯಾರಿಗೂ ತಾನಾಗಿ ಹೇಳುತ್ತಿರಲಿಲ್ಲ.

ಮರುದಿನ ಹೊಸ ಚೀಟಿ ಕಾಯುತ್ತಿತ್ತು.

‘ದೋಸ್ತ, ಈ ಹೊಸಾ ಆಟದಾಗ ಅರ್ಧ ಜೀವ ಕ್ಯಾಮೆರಾ ತಿರುವೂದ್ರಾಗ ಹೋಗ್ತೈತಿ. ಹಳೇ ಆಟನ ಛಲೋ ಇತ್ತು. ನೆಲದ ಮ್ಯಾಲೆ ಕ್ಲಿಕ್ ಮಾಡಿದ್ರ ತಾನ ನಡೀತಿದ್ದ. ರಾಕ್ಷಸನ ಮ್ಯಾಲೆ ಕ್ಲಿಕ್ ಮಾಡಿದ್ರ ತಾನ ಬಡೀತಿದ್ದ. ಕ್ಯಾಮೆರಾ ನೀರಿನ ಟ್ಯಾಂಕ್ ಮ್ಯಾಲೆ ಕುಂತಂಗ ಸುಮ್ನ ಕುಂತಿರತಿತ್ತು.’

ದೋಸ್ತ! ಅವಳು ತುಟಿ ಕಚ್ಚಿಕೊಂಡಳು. ಗಂಡು ಹುಡುಗ ಅಂದುಕೊಂಡಿದ್ದಾನೆ. ಅಂದುಕೊಳ್ಳಲಿ. ಚೀಟಿಯ ಹಿಂದೆ ಉತ್ತರ ಬರೆದಳು:

‘ಟ್ಯಾಂಕ್ ಮ್ಯಾಲಿಂದ ನೋಡಿದ್ರ ಎಲ್ಲಾರ ನೆತ್ತಿ ಕಾಣ್ತಾವು, ಮಾರಿ ಕಾಣಂಗಿಲ್ಲ. ಹೊಸಾದ್ರಾಗ ಕ್ಯಾಮೆರಾ ನಮ್ಮ ಹೆಗಲ ಹಿಂದ ಇರತೈತಿ. ಎಲ್ಲಿ ನೋಡಬೇಕು, ಯಾರಿಗೆ ಹೊಡೀಬೇಕು, ಎಲ್ಲಾ ನಮ್ಮ ಕೈಯಾಗ.’

ಮರುದಿನ ಅವನದು: ‘ಹಂಗಾರ ಬೆನ್ನ ಹಿಂದ ಬಂದವ ಕಾಣೂದು ಹೆಂಗ?’

‘ಬೆನ್ನಿಗೆ ಇನ್ನೊಬ್ಬರು ಇರಬೇಕು.’

ಬರೆದ ಮೇಲೆ ಹರಿದುಬಿಡಲೇ ಅನ್ನಿಸಿತು. ಹರಿಯಲಿಲ್ಲ. ಮರುದಿನ ಆ ಸಾಲಿನ ಕೆಳಗೆ ‘ಒಪ್ಪಿದೆ’ ಎಂದಿತ್ತು. ಪಕ್ಕದಲ್ಲಿ ಬೆಕ್ಕಿನಂಥ ಒಂದು ಹುಲಿಯ ಚಿತ್ರ.

“ರೇಣುಕವ್ವಾ, ಇದೇನು ನೆಟ್ ಸೆಂಟರೋ, ಪೋಸ್ಟ್ ಆಫೀಸೋ?” ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಕ್ಬುಲಸಾಬ ಕೇಳಿದ.

“ಬರಿಯಾವ್ರು ಯಾರಂತ ಹೇಳ್ರಿ ಚಾಚಾ.”

“ಹೇಳಿದ್ರ ಪತ್ರ ನಿಂತು ಹೋಗ್ತಾವ ಬೇಟಿ. ನನಗೂ ಓದಾಕ ಏನರ ಬೇಕಲ್ಲ.”

ಮನೆಯಲ್ಲಿ ಬೇರೆಯದೇ ಗಡಿಬಿಡಿ. ಐತವಾರ ಯಲಬುರ್ಗಾದಿಂದ ಅವಳನ್ನು ನೋಡಲು ಬರುವವರಿದ್ದರು. ಅವ್ವ ವಾರದಿಂದ ಒಂದೇ ಮಾತು: “ಚಾ ಬಲಗೈಲೆ ಕೊಡು. ಒಂದ ದಿನ, ಒಂದ ತಾಸು. ಅಷ್ಟೂ ಆಗಂಗಿಲ್ಲೇನ ನಿನಗ?”

ಹೋದ ವರ್ಷ ಬಂದಿದ್ದವರಿಗೆ ಅವಳು ಮೈಮರೆತು ಎಡಗೈಯಿಂದ ಕಪ್ಪು ಕೊಟ್ಟಿದ್ದಳು. ಅವರ ಮನೆಯ ಹಿರಿಯಾಕೆ ಕಪ್ಪನ್ನು ಮುಟ್ಟದೆ ಕಿಟಕಿಯ ಕಟ್ಟೆಯ ಮೇಲೆ ಇಡಿಸಿದ್ದಳು. ಆ ಚಹಾ ಕೆನೆಗಟ್ಟುತ್ತ ಕುಳಿತದ್ದು ರೇಣುಕಾಳ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

ಗುರುವಾರ ಅವಳು ಆಟದೊಳಗೆ ಎಷ್ಟು ಮುಳುಗಿದ್ದಳೆಂದರೆ ಗಡಿಯಾರ ನೋಡಲಿಲ್ಲ. ಎದುರಿಗೆ ಇಬ್ಬರು ದೈತ್ಯರು, ಉಳಿದದ್ದು ಚೂರೇ ಚೂರು ಜೀವ.

“ಏ, ಹಿಂದ! ಬೆನ್ನ ಹಿಂದ ನೋಡ್ರೀ!”

ಎಡಗೈ ತಾನಾಗಿ ಹೊರಳಿತು. ತೆರೆಯಲ್ಲಿ ಬೆಟ್ಟ, ಮರ, ಆಕಾಶ ಎಲ್ಲ ಒಮ್ಮೆಲೇ ತಿರುಗಿ, ಹಿಂದಿದ್ದ ಮೂರನೆಯ ದೈತ್ಯ ಕತ್ತಿಯ ಎದುರಿಗೆ ಬಂದ. ಹೊಡೆದಳು. ಬಿದ್ದ. ಆಮೇಲೆ, ಕೂಗಿದವರು ಯಾರೆಂದು ತಿರುಗಿ ನೋಡಿದಳು.

ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ. ತೋಳು ಮಡಚಿದ ಅಂಗಿ. ಹುಬ್ಬಿನ ಮೇಲೆಲ್ಲ ಅಕ್ಕಿ ಮಿಲ್ಲಿನ ತೌಡಿನ ಪುಡಿ, ಈಗಲೇ ಮುದುಕನಾದ ಹಾಗೆ.

“ನೀವು... ಐದು ಗಂಟಿಯವ್ರಾ?”

“ನೀವು ಹುಲಿ ಬಾಯಾಗ ಬಿದ್ದವ್ರಾ?”

“ನಾ ಯಾವನೋ ಕಾಲೇಜ್ ಹುಡುಗ ಅಂತ...” ಅವನ ಕಣ್ಣು ಮೌಸಿನ ಮೇಲೆ ಇಳಿದಿತ್ತು.

ಕಾದ ಹಂಚು ಮುಟ್ಟಿದಂತೆ ಅವಳು ಕೈ ಹಿಂದೆ ಎಳೆದು ದುಪಟ್ಟಾದ ಕೆಳಗೆ ಸೇರಿಸಿದಳು.

“ಎಡಗೈ ಏನ್ರಿ?” ಅವನು ಮೆಲ್ಲಗೆ ಕೇಳಿದ.

“ಹೌದ್ರಿ. ಉಲ್ಟಾ ಏನಲ್ಲ. ಹುಟ್ಟಿದ್ದ ಹಂಗ.” ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

“ಅಲ್ರೀ, ಒಂದು ತಿಂಗಳಿಂದ ದಿನಾ ನಿಮ್ಮ ಸೆಟ್ಟಿಂಗ್ ಅಳಿಸೀನಿ. ಒಂದ ಮಾತು ಬರೀಬಾರದಿತ್ತಾ?”

“ಬರೆದಿದ್ದರ ಏನು ಮಾಡ್ತಿದ್ರಿ?”

“ಹುಲಿಗೆ ಬೈತಿದ್ದೆ. ನಿಮಗಲ್ಲ.”

ಅವಳಿಗೆ ನಗು ತಡೆಯಲಾಗಲಿಲ್ಲ. ಏಳಹೋದವಳನ್ನು ಅವನು ತಡೆದ. “ಏಳಬ್ಯಾಡ್ರಿ. ಇನ್ನಿಬ್ಬರು ಅದಾರ, ಅವರನ್ನ ಮುಗಸೂಣು. ನಾ ಹೊಡೀತೀನಿ, ನೀವು ಕ್ಯಾಮೆರಾ ನೋಡ್ಕೋರಿ.”

ಸ್ಟೂಲ್ ಎಳೆದುಕೊಂಡು ಅವಳ ಬಲಕ್ಕೆ ಕುಳಿತ. ಮೌಸ್ ಅವಳ ಎಡಗೈಯಲ್ಲಿ. ಕೀಗಳ ಮೇಲೆ ಅವನ ಬಲಗೈ. ನಡುವೆ, ಟೇಬಲ್ಲಿನ ಅಂಚಿನಲ್ಲಿ, ಕೆಲಸವಿಲ್ಲದ ಎರಡು ಕೈ: ಅವಳ ಬಲಗೈ, ಅವನ ಎಡಗೈ. ಒಂದು ಬೆರಳಿನಷ್ಟು ಅಂತರ. ಇಬ್ಬರೂ ಅದನ್ನು ನೋಡಿದರು. ಇಬ್ಬರೂ ನೋಡದವರಂತೆ ತೆರೆಯತ್ತ ತಿರುಗಿದರು.

“ತಿರುವ್ರಿ, ತಿರುವ್ರಿ, ಎಡಕ್ಕ ಬಂದಾನ!”

“ನಾ ತಿರುವ್ತೀನಿ. ನೀವು ಹೊಡೀರಿ.”

“ಕಾಣದ ಹೆಂಗ ಹೊಡೀಲಿ?”

“ನಂಬ್ರಿ.”

ನಂಬಿ ಹೊಡೆದ. ಅಷ್ಟರಲ್ಲಿ ಅವಳು ತಿರುಗಿಸಿದ್ದ ಕ್ಯಾಮೆರಾದ ನಟ್ಟನಡುವೆ ದೈತ್ಯ ಉರುಳಿದ. ಇಬ್ಬರೂ ಚಿಕ್ಕ ಮಕ್ಕಳಂತೆ ಕೂಗಿದರು. ಆ ಕೂಗು ಅಡಗುತ್ತಿದ್ದಂತೆ ಅವಳಿಗೆ ಹೇಳದೆ ಇರಲಾಗಲಿಲ್ಲ.

“ಐತವಾರ ಯಲಬುರ್ಗಾದಿಂದ ನನ್ನ ನೋಡಾಕ ಬರ್ತಾರ್ರಿ. ಚಾ ಬಲಗೈಲೆ ಕೊಡಬೇಕಂತ ನಮ್ಮವ್ವ ಹೇಳ್ಯಾಳ. ಹ್ವಾದ ಸಲ ಎಡಗೈಲೆ ಕೊಟ್ಟಿದ್ದಕ್ಕ ಅವರು ಮುಟ್ಟಲಿಲ್ಲ.”

ಅವನ ಬೆರಳು ಕೀಯ ಮೇಲೆ ಹಾಗೇ ಒತ್ತಿಕೊಂಡು ನಿಂತಿತು. ತೆರೆಯ ಮೇಲೆ ಯೋಧೆ ಕೋಟೆಯ ಗೋಡೆಗೆ ಮುಖ ಕೊಟ್ಟು, ಮುಂದೆ ಹೋಗದೆ, ನಡೆಯುತ್ತಲೇ ಇದ್ದಳು.

“ಹಂಗೇನ್ರಿ,” ಅಂದ ಕೊನೆಗೆ.

ಶುಕ್ರವಾರ ಐದಕ್ಕೆ ಬಂದಾಗ ಅವಳು ಬಾಗಿಲಲ್ಲೇ ನಿಂತಳು. ನಾಲ್ಕನೇ ನಂಬರಿನ ಮೌಸ್ ಕೀಬೋರ್ಡಿನ ಎಡಕ್ಕಿತ್ತು. ಸೆಟ್ಟಿಂಗ್ ಒಂದೂ ಅಳಿಸಿರಲಿಲ್ಲ. ಚೀಟಿಯ ಅಕ್ಷರಗಳು ಒಂದನೇ ಇಯತ್ತೆಯ ಮಗು ಬರೆದಂತೆ ಸೊಟ್ಟಸೊಟ್ಟ.

‘ನೀವು ಹ್ವಾದ ಮ್ಯಾಲೆ ಎಡಗೈಲೆ ಆಡಿದೆ. ಹನ್ನೊಂದು ಸಲ ಸತ್ತೆ. ಈ ಚೀಟಿನೂ ಎಡಗೈಲೇ ಬರದೀನಿ. ಬಲಗೈಯವರ ಜಗತ್ತಿನ್ಯಾಗ ನೀವು ಎಷ್ಟು ತ್ರಾಸು ತಗೊಂಡೀರಿ ಅಂತ ಈಗ ತಿಳೀತು. ಐತವಾರದ ಬಗ್ಗೆ ನಾ ಏನೂ ಹೇಳಂಗಿಲ್ಲ. ಕ್ಯಾಮೆರಾ ನಿಮ್ಮ ಕೈಯಾಗೈತಿ. – ಗಾಳೇಶ.’

ಗಾಳೇಶ. ಹೆಸರನ್ನು ತುಟಿಯೊಳಗೇ ಒಮ್ಮೆ ಅಂದು ನೋಡಿದಳು. ಏನೂ ಹೇಳುವುದಿಲ್ಲವಂತೆ! ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಆದರೂ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡಳು.

ಐತವಾರ ಯಲಬುರ್ಗಾದವರು ಬಂದರು. ಅಡುಗೆಮನೆಯಲ್ಲಿ ಅವ್ವ ತಟ್ಟೆ ಕೈಗಿಟ್ಟು, ಮಗಳ ಬಲಗೈ ಒತ್ತಿ, ಕಣ್ಣಲ್ಲೇ ಬೇಡಿಕೊಂಡಳು. ರೇಣುಕಾ ಹೊರಗೆ ಬಂದಳು. ಹುಡುಗನ ಅತ್ತೆ ಎದುರಿಗೆ ಕೈ ಚಾಚಿದಳು. ಒಂದೇ ಕ್ಷಣ. ಈ ಒಂದು ಕಪ್ಪನ್ನು ಬಲಗೈಯಿಂದ ಕೊಟ್ಟರೆ ಮುಂದೆ ನಲವತ್ತು ವರ್ಷ ಆ ಮನೆಯಲ್ಲಿ ಎಡಗೈ ದುಪಟ್ಟಾದ ಕೆಳಗೇ ಇರಬೇಕು. ಅವಳ ಕಣ್ಣ ಮುಂದೆ ಸೊಟ್ಟ ಅಕ್ಷರಗಳು ಬಂದವು.

ತಟ್ಟೆಯನ್ನು ಬಲಗೈಗೆ ಬದಲಿಸಿ, ಕಪ್ಪನ್ನು ಎಡಗೈಯಿಂದ ಎತ್ತಿ ಕೊಟ್ಟಳು.

“ಯಾಕವಾ, ಬಲಗೈಗೆ ಏನಾಗೇತಿ?”

“ಏನೂ ಆಗಿಲ್ರಿ. ನಾ ಎಡಚಿ ಅದೀನ್ರಿ.”

ಸಂಜೆಯೊಳಗೆ ಫೋನು ಬಂತು, ಹೊಂದಾಣಿಕೆ ಆಗುವುದಿಲ್ಲವೆಂದು. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ರೇಣುಕಾಳಿಗೆ ಅಳು ಬಂತು. ಆದರೆ ಹೋದ ವರ್ಷ ಆದಂತೆ ಈ ಸಲ ನಾಚಿಕೆಯಾಗಲಿಲ್ಲ.

ಸೋಮವಾರ ಐದು ಗಂಟೆಗೆ ಗಾಳೇಶ ನಾಲ್ಕನೇ ನಂಬರಿನ ಪಕ್ಕ ನಿಂತಿದ್ದ, ತನ್ನ ಹೊತ್ತಿಗಿಂತ ಒಂದು ತಾಸು ಮೊದಲೇ. ಹುಬ್ಬಿನ ಮೇಲೆ ತೌಡಿಲ್ಲ. ತಲೆ ಬಾಚಿದ್ದ. ಈಗ ಅವನ ವಯಸ್ಸು ಅವನಿಗೆ ವಾಪಸ್ ಬಂದಿತ್ತು.

“ಏನಾತ್ರಿ?”

“ಚಾ ಆರಿಹೋತ್ರಿ.”

“ಯಾವ ಕೈಲೆ?”

ಅವಳು ಎಡಗೈ ಎತ್ತಿ ತೋರಿಸಿದಳು. ಅವನು ಅದನ್ನೇ ನೋಡಿದ, ಒಂದಿಷ್ಟು ಹೆಚ್ಚೇ ಹೊತ್ತು.

“ಅವತ್ತ ಒಂದು ಮಾತು ಬರದು ಮೂರು ಚೀಟಿ ಹರದೆ,” ಅಂದ. “ನಾ ಹೇಳಿದ್ರ ನೀವು ನನ್ನ ಸಲುವಾಗಿ ಎಡಗೈಲೆ ಕೊಟ್ಟಂಗಾಗ್ತಿತ್ತು. ನಿಮ್ಮ ಸಲುವಾಗಿ ಕೊಡಬೇಕಾಗಿತ್ತು.”

“ಕೊಟ್ಟೀನಿ. ಈಗ ಹೇಳ್ರಿ.”

“ಈಗ... ಚಾಚಾ ಕೇಳಾಕತ್ಯಾರ.”

“ನನಗ ಕಿವಿ ಕೇಳಂಗಿಲ್ಲಪಾ,” ಮಕ್ಬುಲಸಾಬ ಪೇಪರಿನ ಹಿಂದಿನಿಂದಲೇ ಅಂದ. “ಸ್ವಲ್ಪ ಜೋರಾಗಿ ಹೇಳು.”

ಗಾಳೇಶನ ಕಿವಿ ಕೆಂಪಾದವು. “ಶನಿವಾರ ಹನುಮಸಾಗರಕ್ಕ, ನಮ್ಮೂರಿಗೆ ಹೋಗಿದ್ದೆ. ನಮ್ಮವ್ವಗ ನಿಮ್ಮ ಸುದ್ದಿ ಹೇಳೀನಿ. ನೀವು ಹೂಂ ಅಂದ್ರ, ಬರೂ ಐತವಾರ ಬರ್ತಾಳ.”

“ಶನಿವಾರನ? ಯಲಬುರ್ಗಾದವ್ರು ಒಪ್ಪಿದ್ರ ಏನು ಮಾಡ್ತಿದ್ರಿ?”

“ಹುಲಿ ಬಾಯಾಗ ಬೀಳ್ತಿದ್ದೆ. ಮತ್ತೇನು?”

ಅವಳು ನಗಲಿಲ್ಲ. ಕೇಳಲೇಬೇಕಾದದ್ದು ಒಂದು ಉಳಿದಿತ್ತು. “ಎಡಚಿ ಅಂತ ಹೇಳೀರೇನ್ರಿ?”

“ಅದನ್ನ ಮೊದಲ ಹೇಳೀನಿ.”

“ಏನಂದ್ರು?”

“‘ಚಾ ಬಿಸಿ ಇರತೈತಿಲ್ಲೋ?’ ಅಂದ್ಲು.”

ಓಣಿಯಲ್ಲಿ ಕಾರಟಗಿ ಬಸ್ಸಿನ ಹಾರ್ನ್ ಕೇಳಿತು. ರೇಣುಕಾ ಕುರ್ಚಿ ಎಳೆದು ಕುಳಿತಳು. ಬಲಗಡೆಯ ಸ್ಟೂಲನ್ನು ಕಾಲಿನಿಂದ ಅವನತ್ತ ಸರಿಸಿದಳು. ಅವನು ಕುಳಿತ ಮೇಲೆ, ತೆರೆಯಿಂದ ಕಣ್ಣು ತೆಗೆಯದೆ ಅಂದಳು:

“ಬಿಸಿನ ಇರತೈತಿ ಅಂತ ಹೇಳ್ರಿ.”

ಮೌಸ್ ಅವಳ ಎಡಗೈಯಲ್ಲಿತ್ತು, ಕೀಗಳು ಅವನ ಬಲಗೈಯಲ್ಲಿ. ಟೇಬಲ್ಲಿನ ಅಂಚಿನಲ್ಲಿ, ಕೆಲಸವಿಲ್ಲದ ಆ ಎರಡು ಕೈಗಳ ನಡುವೆ ಈ ಸಲ ಬೆರಳಿನಷ್ಟೂ ಅಂತರ ಉಳಿಯಲಿಲ್ಲ.