ಎರಡು ಕೈಯ ರೇಟಿಂಗ್

ಕಾರ್ತಿಕದ ಬಿಸಿಲು ಏರಿ, ಇಬ್ಬನಿ ಆರಿದ ಮೇಲೆ ಪೆದ್ದಕಡುಬೂರಿನ ಮಲ್ಲಯ್ಯನವರ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗಿತ್ತು. ಒಡೆದ ಕಾಯಿಗಳ ಒಣ ಸಿಪ್ಪೆ ಬೆರಳಿಗೆ ಗೀರುತ್ತಿದ್ದರೂ ಹೆಣ್ಣಾಳುಗಳ ಕೈ ನಿಲ್ಲುತ್ತಿರಲಿಲ್ಲ.

ಮಲ್ಲಯ್ಯನವರ ಮಗಳು ಭುವನಾ ಉಡಿ ಕಟ್ಟಿಕೊಂಡು ಅಜ್ಜಿಯ ಪಕ್ಕದ ಸಾಲಿನಲ್ಲಿದ್ದಳು. ಅಜ್ಜಿ ಅಕ್ಕನಾಗಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡ ಫೋನಿನಲ್ಲಿ ಯೂಟ್ಯೂಬ್ ವಿಡಿಯೋವೊಂದು ಒಂದೇ ಸಮನೆ ಮಾತಾಡುತ್ತಿತ್ತು.

"...ಈ ಸಿನಿಮಾದಾಗ ದೆವ್ವಾನೂ ಐತಿ, ಕೋರ್ಟೂ ಐತಿ. ಸತ್ತಾಕಿ ತನ್ನ ಕೊಲಿ ಕೇಸಿಗೆ ತಾನ ಸಾಕ್ಷಿ ಹೇಳಾಕ ಬರ್ತಾಳ. ಎತ್ತಿಗೆ ನೋಡಿದಂಗ ಮೊದಲ ಹಲ್ಲು ನೋಡೋಣ. ಕಥಿ ಹಳೇದು, ಹಲ್ಲು ಸವದಾವು. ನಡಿಗಿ ಮಾತ್ರ ಇಂಟರ್ವೆಲ್ ತನಕ ಛಲೋ ಐತಿ. ಆಮ್ಯಾಲ ಒಂದು ಕಾಮಿಡಿ ದೆವ್ವ ಬರ್ತೈತಿ, ಅಲ್ಲೇ ಕಾಲು ಎಡವ್ತೈತಿ. ಅಂಜಿಕಿ, ನಗು ಎರಡನ್ನೂ ಒಂದೇ ನೊಗಕ್ಕ ಕಟ್ಟಬೇಕಂದ್ರ ಜೋಡಿ ಸರಿ ಇರಬೇಕ್ರಿ. ರೇಟಿಂಗ್... ಇವತ್ತೂ ಇಲ್ಲ. ಬರ್ತೀನಿ."

"ನೋಡು, ಎಲ್ಲಾ ಹೇಳ್ತಾನ, ಕೊನಿಗೆ ಮಾರ್ಕು ಹಾಕೂದಿಲ್ಲ" ಎಂದಳು ಅಜ್ಜಿ. "ಉಪ್ಪಿಲ್ಲದ ಸಾರು ಬಡಿಸಿದಂಗ."

ಭುವನಾ ತಲೆ ಎತ್ತಲಿಲ್ಲ. ಮಾರ್ಕು ಯಾಕಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಬದುವಿನ ಹತ್ತಿರ ಬೈಕೊಂದು ಬಂದು ನಿಂತಿತು. ಇಳಿದವನ ಹೆಗಲ ಮೇಲೆ ಕೆಂಪಂಚಿನ ಟವೆಲ್ ಇತ್ತು. ಅವನು ತಿರುಗಿ ನೋಡಿದ.

ಉರುಕುಂದ.

ಫೋನಿನಲ್ಲಿ ಈಗಷ್ಟೇ ಮಾತಾಡಿ ಮುಗಿಸಿದ ದನಿಯ ಮನುಷ್ಯ ಮೈವೆತ್ತು ಎದುರಿಗೆ ನಿಂತಿದ್ದ. ಭುವನಾಳ ಉಡಿಯ ಗಂಟು ಸಡಿಲಿತು. ಬಿಡಿಸಿದ ಹತ್ತಿಯೆಲ್ಲ ಮಣ್ಣಿಗೆ ಬಿತ್ತು.

"ಏಂದಿ ಭುವನಮ್ಮಾ, ಮೊಹಂ ಅಟ್ಲಾ ಅಯಿಂದಿ?" ಮುಖ ಯಾಕೆ ಹಾಗಾಯಿತೆಂದು ಮುಂದಿನ ಸಾಲಿನಿಂದ ದಸ್ತಗಿರಮ್ಮ ತೆಲುಗಿನಲ್ಲೇ ಕೇಳಿದಳು.

"ಏಮೀ ಲೇದು, ಏನಿಲ್ಲ. ಬಿಸಿಲು."

ಬಿಸಿಲಲ್ಲ... ಎಷ್ಟೋ ತಿಂಗಳ ಹಿಂದಿನ ಒಂದು ಮಧ್ಯಾಹ್ನ.

ಆಗ ಭುವನಾ ಆದೋನಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಕಾಲೇಜು ಬಿಟ್ಟ ಮೇಲೆ ನರಸಣ್ಣನ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಒಳಕೋಣೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದವನು ಉರುಕುಂದ, ಎತ್ತಿನ ದಲ್ಲಾಳಿ ಬಜಾರಪ್ಪನ ಮಗ. ಅವನಿಗೆ ದೆವ್ವದ ಸಿನಿಮಾಗಳ ಹುಚ್ಚು. ಅದರಲ್ಲೂ ದೆವ್ವದ ಜೊತೆ ಇನ್ನೇನೋ ಬೆರೆತಿರಬೇಕು. ದೆವ್ವ ಮತ್ತು ಪತ್ತೇದಾರಿ, ದೆವ್ವ ಮತ್ತು ನಗೆ, ದೆವ್ವ ಮತ್ತು ಊರ ದೇವತೆ. ಊಟದ ಹೊತ್ತಿನಲ್ಲಿ ಅವನು ಹೇಳುವುದು, ಇವಳು ಅಡ್ಡ ಮಾತಾಡುವುದು, ಹೀಗೇ ಬೆಳೆದು ಯೂಟ್ಯೂಬ್ ಚಾನೆಲ್ ಆಯಿತು.

ರೇಟಿಂಗ್ ಕೊಡುವ ರೀತಿ ಉರುಕುಂದನ ಮನೆಯ ಕಸುಬಿನಿಂದ ಬಂದದ್ದು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತುತ್ತಾರೆ. ಇವರೂ ಹಾಗೆಯೇ. ಅವನು ಒತ್ತಿದಷ್ಟು ಬೆರಳಿಗೆ ಇವಳು ಒಪ್ಪಿದರೆ ಅದೇ ರೇಟಿಂಗ್, ಇಲ್ಲದಿದ್ದರೆ ಜಗಳ. ವಿಡಿಯೋದಲ್ಲಿ ಕಾಣುವುದು ಟವೆಲ್ ಮತ್ತು ಎರಡು ಮುಂಗೈ ಮಾತ್ರ. ಊರವರಿಗೆ ಗುರುತು ಸಿಗದಿರಲೆಂದು ಭುವನಾ ಬಳೆ ತೆಗೆದಿಟ್ಟು ಕೂರುತ್ತಿದ್ದಳು.

ಕೊನೆಯ ಸಲ ಅವರು ಮಾತಾಡಿದ್ದು ದೆವ್ವ ಮತ್ತು ಪ್ರೀತಿ ಬೆರೆತ ಸಿನಿಮಾದ ಬಗ್ಗೆ. ಹೊಳೆಯಲ್ಲಿ ಮುಳುಗಿ ಸತ್ತ ಗಂಡ ದಿನಾ ಊಟದ ಹೊತ್ತಿಗೆ ಬಂದು ತಟ್ಟೆಯ ಮುಂದೆ ಕೂರುತ್ತಾನೆ. ಹೆಂಡತಿ ಹೆದರುವುದಿಲ್ಲ, ಬಡಿಸುತ್ತಾಳೆ. ಅದನ್ನು ಹೇಳುತ್ತಾ ಭುವನಾಳ ಕಣ್ಣು ತುಂಬಿತ್ತು. ಟವೆಲ್ ಕೆಳಗೆ ಉರುಕುಂದ ಅವಳ ಐದೂ ಬೆರಳು ಹಿಡಿದ, ಬಿಡಲಿಲ್ಲ.

"ಇದು ಸಿನಿಮಾಕ್ಕಲ್ಲ, ಭುವನಾ" ಎಂದಿದ್ದ ಮೆಲ್ಲಗೆ. "ನಿನಗ. ನನ್ನ ಜೊತಿ ಬಾಳ್ತಿಯೇನು?"

ಅವಳು ಕೈ ಎಳೆದುಕೊಂಡಿದ್ದಳು.

ಅವನು ಟವೆಲ್ ಮಡಿಸಿ "ಆಯ್ತು" ಎಂದ, ಅಷ್ಟೇ. ಮರುದಿನ ಅಂಗಡಿಯಲ್ಲಿ "ಬರ್ರಿ, ಭುವನಾ ಅವರ" ಎಂದ. ನೀನು ಎನ್ನುತ್ತಿದ್ದ ಬಾಯಲ್ಲಿ ಆ 'ರಿ' ಕೇಳಿ ಅವಳಿಗೆ ನಿಂತ ನೆಲವೇ ದೂರ ಸರಿದಂತಾಗಿತ್ತು. ಅವನು ಮತ್ತೆ ಕೇಳಲಿಲ್ಲ. ಪರೀಕ್ಷೆ ಮುಗಿದು ಅವಳು ಊರಿಗೆ ಬಂದಳು. ಅವನ ವಿಡಿಯೋಗಳು ಬರುತ್ತಲೇ ಇದ್ದವು, ರೇಟಿಂಗ್ ಇಲ್ಲದೆ.

ಈಗ ಹೊಲದ ಬೇವಿನ ಮರದ ಕೆಳಗೆ ಮಾರಾಟದ ಎತ್ತಿನ ಜೋಡಿ ಕಟ್ಟಿತ್ತು. ಮಲ್ಲಯ್ಯ ಕೇಳಿದರು. "ಯಾಕಪಾ, ಬಜಾರಪ್ಪ ಬರ್ಲಿಲ್ಲ?"

"ಅಪ್ಪಗ ಲಕ್ವಾ ಹೊಡದು ಬಲಗೈ ಬಿದ್ದೈತ್ರಿ, ಯಜಮಾನ್ರ. ಲೆಕ್ಕ ಅವಂದು, ಕೈ ನಂದು."

ನೀರು ಕುಡಿಯುವ ನೆಪದಲ್ಲಿ ಹೆಣ್ಣಾಳುಗಳೂ ಮರದ ಕಡೆ ಬಂದರು. ಅಕ್ಕನಾಗಮ್ಮ ಆ ದನಿ ಕೇಳಿ ಕಣ್ಣು ಕಿರಿದಾಗಿಸಿ ಅವನನ್ನು ನೋಡಿದಳು. "ದೆವ್ವದ ಸಿನಿಮಾ ಹೇಳಾವ ನೀನ ಅಲ್ಲೇನಲೇ?"

"ಹೌದಜ್ಜಿ."

"ಮಾರ್ಕು ಯಾಕ ಹಾಕೂದಿಲ್ಲ?"

"ಅದಕ್ಕ ಎರಡು ಕೈ ಬೇಕಜ್ಜಿ. ಇನ್ನೊಂದು ಕೈ ಹೋತು."

"ಅದಕ್ಕೂ ಲಕ್ವಾ ಹೊಡೀತೇನು?"

ಹೆಣ್ಣಾಳುಗಳು ನಕ್ಕರು. ಅವನೂ ನಕ್ಕ. 

ಉರುಕುಂದ ಎತ್ತುಗಳ ಬಾಯಿ ಬಿಡಿಸಿ ನೋಡಿದ, ನಡೆಸಿ ನೋಡಿದ. ಬಳಿಕ ಟವೆಲ್ ಹಾಸಿ ಅದರ ಕೆಳಗೆ ಮಲ್ಲಯ್ಯನವರ ಕೈ ಹಿಡಿದ. ಇಬ್ಬರ ಮುಖದಲ್ಲೂ ಏನೂ ಕಾಣಲಿಲ್ಲ. ಬಟ್ಟೆ ಒಂದೆರಡು ಸಲ ಅಲ್ಲಾಡಿತು. ಆಮೇಲೆ ಮಲ್ಲಯ್ಯ ಕೈ ಹಿಂದಕ್ಕೆ ತೆಗೆದುಕೊಂಡರು.

ಉರುಕುಂದ ತಕ್ಷಣ ಟವೆಲ್ ಮಡಿಸಿ ಹೆಗಲಿಗೆ ಹಾಕಿದ. "ಆಯ್ತು, ಯಜಮಾನ್ರ."

ಅದೇ "ಆಯ್ತು"...

"ಅಷ್ಟಕ್ಕ ಎದ್ಯಲ್ಲೋ, ಇನ್ನೊಂದ್ಸಲ ಕೇಳು, ಕೊಡ್ತಾನ" ಎಂದಳು ಅಜ್ಜಿ.

"ಕೈ ಹಿಂದಕ್ಕ ತಗೊಂಡ ಮ್ಯಾಲ ದಲ್ಲಾಳಿ ಕೇಳಬಾರದಜ್ಜಿ. ಕೇಳಿದ್ರ ಮಾರಾವರ ಕುತ್ತಿಗಿ ಹಿಡದಂಗ. ಬೇಕಂದ್ರ ಅವರ ತಾವಾಗಿ ಬರಬೇಕು."

ಭುವನಾ ಥಟ್ಟನೆ ಅವನತ್ತ ತಿರುಗಿದಳು.

ಹಾಗಾದರೆ ಅವತ್ತು ಅವನು ಸಿಟ್ಟು ಮಾಡಿಕೊಂಡಿರಲಿಲ್ಲ. ಮರೆತಿರಲೂ ಇಲ್ಲ. ಇಷ್ಟು ದಿನ ಅವನು ಮರ್ಯಾದೆಯಿಂದ ದೂರ ನಿಂತಿದ್ದನೇ?

ಹೆಣ್ಣಾಳುಗಳು ಸಾಲಿಗೆ ಮರಳಿದರು. ಮಲ್ಲಯ್ಯ ಎತ್ತುಗಳನ್ನು ನೀರಿನ ತೊಟ್ಟಿಗೆ ಹೊಡೆದುಕೊಂಡು ಹೋದರು. ಭುವನಾ ಚೊಂಬಿನಲ್ಲಿ ನೀರು ತಂದಳು.

"ತಗೋ."

"ಬ್ಯಾಡ್ರಿ."

"ರಿ ಅನಬ್ಯಾಡ ನನಗ." ಅವಳು ಚೊಂಬನ್ನು ಅವನ ಕೈಗೇ ಇಟ್ಟಳು. "ಅವತ್ತು ನಾ ಕೈ ತಗದಿದ್ದು ಬ್ಯಾಡಂತ ಅಲ್ಲ. ಎದುರಿಗೆ ಫೋನ್ ಓಡ್ತಿತ್ತು. ನೀ ಆಡಿದ ಮಾತು ವಿಡಿಯೋದಾಗ ಬೀಳ್ತಿತ್ತು. ಅದಕ್ಕ ಅಂಜಿದೆ."

ಅವನು ಚೊಂಬು ಹಿಡಿದುಕೊಂಡೇ ನಿಂತ. "ಓಡ್ತಿತ್ತಾ..." ಎಂದ. "ನಾ ಅದನ್ನ ತಿರುಗಿ ನೋಡ್ಲೇ ಇಲ್ಲ. ನೋಡಾಕ ಆಗದ ಅಳಿಸಿಬಿಟ್ಟೆ."

"ಮರುದಿನ ಮತ್ತ ಕೇಳ್ತಿ ಅಂತ ಕಾಯ್ದೆ."

"ನೀ ಬಂದು ಹೇಳ್ತಿ ಅಂತ ನಾ ಕಾಯ್ದೆ."

"ನಿಮ್ಮ ಸಂತಿ ಪದ್ಧತಿ ನನಗೇನು ಗೊತ್ತು? ನಾನೇನು ಎತ್ತೇನು?"

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ.

"ಸೋಮವಾರ ಆಲೂರಿನಿಂದ ಬರ್ತಾರ" ಎಂದಳು. "ಹುಡುಗ ಸಿದ್ದಲಿಂಗೇಶ್ ಅಂತ, ಹತ್ತಿ ವ್ಯಾಪಾರ. ವೀಳ್ಯ ಮಾಡಿ ಲಗ್ನ ಗಟ್ಟಿ ಮಾಡ್ಕೊಂಡು ಹೋಗ್ತಾರ."

"ಗೊತ್ತು. ನಿಮ್ಮಪ್ಪ ಎತ್ತು ಮಾರೂದು ಅದರ ಖರ್ಚಿಗೆ ಅಂತ ಹೇಳಿ ಕಳಿಸ್ಯಾರ."

"ಗೊತ್ತಿದ್ದೂ ಬಂದ್ಯಾ?"

"ಅಪ್ಪನ ಕೈ ಆಗೀನಲ್ಲ, ಹೋಗೂದಿಲ್ಲ ಅನ್ನಾಕ ಬರ್ಲಿಲ್ಲ." ಅವನು ನೆಲ ನೋಡಿದ. "ಒಂದ್ಸಲ ನಿನ್ನ ನೋಡೂದೂ ಇತ್ತು. ಆಕಿ ಖುಷಿಯಿಂದ ಅದಾಳ ಅಂತ ನೋಡಿಕೊಂಡು ಹೋಗೋಣ ಅಂತ ಬಂದೆ."

"ಖುಷಿ ಅದಾಳೇನು?"

ಅವನು ಚೊಂಬನ್ನು ಕೆಳಗಿಟ್ಟ.

"ಒಲ್ಲೆ ಅನ್ನಬೇಕಿತ್ತು ನಾನು. ಆದ್ರ ಯಾರೂ ನನ್ನ ಕೇಳ್ಲೇ ಇಲ್ಲ, ಉರುಕುಂದ. ಕೇಳದ ಮಾತಿಗೆ ಒಲ್ಲೆ ಅನ್ನೂದು ಹ್ಯಾಂಗ? ದಿನಾ ರೊಟ್ಟಿ ಬಡೀತೀನಿ, ಹತ್ತಿ ಬಿಡಸ್ತೀನಿ, ದಿನ ಹತ್ತರ ಬರ್ತಾ ಐತಿ..." ಅವಳು ಕಣ್ಣೊರೆಸಿಕೊಂಡಳು. "ತಾವಾಗಿ ಬರಬೇಕು ಅಂದ್ಯಲ್ಲ. ಬಂದೀನಿ. ನನಗ ನೀ ಬೇಕು."

ಗಂಟೆಯ ಸಪ್ಪಳವಾಯಿತು. ಎತ್ತಿನ ಹಗ್ಗ ಹಿಡಿದು ಮಲ್ಲಯ್ಯ ಹಿಂದೆಯೇ ನಿಂತಿದ್ದರು.

"ಏನಂದಿ?"

ಭುವನಾ ಅಪ್ಪನ ಕಡೆ ತಿರುಗಿದಳು. ಸುಮ್ಮನಿದ್ದರೆ ಸೋಮವಾರ ಬಂದೇ ಬರುತ್ತದೆ. "ಈತ ಬೇಕಂದೆ, ಅಪ್ಪ."

ಉರುಕುಂದ ಕೈ ಮುಗಿದ. "ಯಜಮಾನ್ರ, ಆಕಿಗೆ ಏನೂ ಅನಬ್ಯಾಡ್ರಿ. ಮೊದಲ ಕೇಳಿದಾವ ನಾನು."

"ಅವರ ಜನ ಬ್ಯಾರೆ, ನಮ್ಮ ಜನ ಬ್ಯಾರೆ" ಎಂದರು ಮಲ್ಲಯ್ಯ ಮಗಳಿಗೆ.

"ಗೊತ್ತಪ್ಪ."

"ಆಲೂರಿನವರಿಗೆ ಮಾತು ಕೊಟ್ಟೀನಿ. ಅದು ನನ್ನ ತಲಿ ಮ್ಯಾಲಿನ ಸಾಲ. ಯಾರು ತೀರಸ್ತಾರ?"

 ಭುವನಾ ಅಪ್ಪನ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರ ಮುಖದಲ್ಲಿರುವಂಥದ್ದೇನೋ ಇತ್ತು. ಅದನ್ನು ನೋಡುವುದು ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಅಕ್ಕನಾಗಮ್ಮ ಸಾಲಿನಿಂದ ನಿಧಾನವಾಗಿ ಬಂದಳು.

"ಆ ಎರಡನೇ ಕೈ ಯಾರದಂತ ನನಗ ಮೊದಲ ಗೊತ್ತು, ಮಲ್ಲಯ್ಯ. ಮೊಮ್ಮಗಳ ದನಿ ತಿಳೀದಷ್ಟು ಕಿವಿ ಹೋಗಿಲ್ಲ ನನಗ." ಸೊಂಟದ ಫೋನು ಮುಟ್ಟಿ ತೋರಿಸಿದಳು. "ಹಳೇ ವಿಡಿಯೋದಾಗ ಆಕಿ ನಗ್ತಾಳ. ದೆವ್ವದ ಮಾತಾಡ್ಕೋತ ಹೊಟ್ಟಿ ಹಿಡಕೊಂಡು ನಗ್ತಾಳ. ಊರಿಗೆ ಬಂದ ಮ್ಯಾಲ ಆ ನಗು ಕೇಳಿಯೇನು ನೀನು?"

ಮಲ್ಲಯ್ಯ ಎತ್ತುಗಳನ್ನು ಮರಕ್ಕೆ ಕಟ್ಟಿದರು. ಗಂಟು ಬಿಗಿಯಾಗಿದ್ದರೂ ಮತ್ತೊಮ್ಮೆ ಎಳೆದು ನೋಡಿದರು.

"ಆಲೂರಿಗೆ ಬಸ್ಸು ಸಿಗ್ತೈತೇನು ಈಗ?"

"ಆದೋನಿಗೆ ಹೋದ್ರ ಸಿಗ್ತೈತ್ರಿ" ಎಂದ ಉರುಕುಂದ.

"ಸರಿ ಬಿಡು. ಮಾತು ಕೊಟ್ಟಾವ ನಾನು, ಆ ಹುಡುಗನ ಮುಂದ ಕುಂತು ಹೇಳಾವನೂ ನಾನ ಆಗಬೇಕು. ಅವರು ಬಿಟ್ರ ಬಿಟ್ರು. ಬಿಡೂದಿಲ್ಲ ಅಂದ್ರ..." ಅವರು ರಸ್ತೆಯ ಕಡೆ ನೋಡಿದರು. "ನಾ ಹೂಂ ಅಂದೀನಂತ ತಿಳೀಬ್ಯಾಡ್ರಿ. ಇಬ್ರಿಗೂ ಹೇಳ್ತೀನಿ."

ಅಂಗಿಗೆ ಅಂಟಿದ ಹತ್ತಿಯನ್ನೂ ಕೊಡವಿಕೊಳ್ಳದೆ ಅವರು ರಸ್ತೆಯ ಕಡೆ ನಡೆದರು.

"ನಾ ಬೈಕಿನ ಮ್ಯಾಲ ಬಿಟ್ಟು ಬರ್ಲಾ?" ಉರುಕುಂದ ಕೇಳಿದ.

"ಬ್ಯಾಡ. ಈಗ ನೀ ಪಕ್ಕದಾಗ ಇದ್ರ ಅವರಿಗೆ ಇನ್ನೂ ಕಷ್ಟ" ಎಂದಳು ಭುವನಾ.

"ಮತ್ತ ನಾ ಏನ್ ಮಾಡ್ಲಿ?"

"ಏನೂ ಮಾಡಾಕ ಬರೂದಿಲ್ಲ. ನನಗೂ ಅಷ್ಟ."

ಅಜ್ಜಿ ಒಂದು ಖಾಲಿ ಚೀಲ ಅವನ ಕಾಲ ಬಳಿ ಎಸೆದು, ಏನೂ ಹೇಳದೆ ತನ್ನ ಸಾಲಿಗೆ ಹೋದಳು. ಉರುಕುಂದ ಅದನ್ನು ಎತ್ತಿಕೊಂಡು ಭುವನಾಳ ಹಿಂದೆ ನಡೆದ. ಮೊದಲ ಕಾಯಿಗೇ ಸಿಪ್ಪೆ ಬೆರಳಿಗೆ ಚುಚ್ಚಿ ರಕ್ತ ಬಂತು.

"ಹಂಗ ಹರೀಬ್ಯಾಡ" ಎಂದು ಅವಳು ಅವನ ಬೆರಳನ್ನು ತನ್ನ ಸೆರಗಿನ ತುದಿಯಲ್ಲಿ ಒತ್ತಿ ಹಿಡಿದಳು. ಸಾಲಿನ ಹೆಣ್ಣಾಳುಗಳೆಲ್ಲ ನೋಡುತ್ತಿದ್ದರು. ಅವಳು ಬಿಡಲಿಲ್ಲ.

ದೂರದಲ್ಲಿ ಮಲ್ಲಯ್ಯ ರಸ್ತೆ ಮುಟ್ಟಿದ್ದರು. ಆಟೋ ಒಂದು ನಿಂತು, ಅವರನ್ನು ಹತ್ತಿಸಿಕೊಂಡು ಹೋಯಿತು.

"ಅಂಜಿಕಿ ಆಗ್ತೈತೇನು?" ಅವನು ಕೇಳಿದ.

"ಭಾಳ."

"ನನಗೂ."

"ಈ ಸಾಲು ಮುಗಿಯೂತನ ಇರು."

"ಮುಗಿದ ಮ್ಯಾಲ?"

ಭುವನಾ ಹೊಲದ ಆ ತುದಿಯವರೆಗೆ ನೋಡಿದಳು. "ಪಕ್ಕದ ಸಾಲೂ ಬಿಡಸೂದು ಐತಿ" ಎಂದಳು.