ಹನ್ನಾಳ ಐವತ್ತು ಎಕರೆ

ಹಾಳೆ ಇರಲಿಲ್ಲ.

ಮೂರನೇ ಉಯಿಲು ಪುಸ್ತಕದಲ್ಲಿ ನೂರ ಹದಿನೆಂಟನೆಯ ಪುಟವಿತ್ತು. ಅದರ ಮುಂದೆ ಸೀದಾ ನೂರ ಇಪ್ಪತ್ತೊಂದು. ನಡುವೆ ಹೊಲಿಗೆಗೆ ಅಂಟಿಕೊಂಡು ಉಳಿದದ್ದು ಕಾಗದದ ಒಂದು ಸಣ್ಣ ಅಂಚು. ಬ್ಲೇಡಿನಿಂದ ಕೊಯ್ದದ್ದು. ಕೈ ನಡುಗಿರಲಿಲ್ಲ.

"ಅಯ್ಯೋ ದೇವರೇ," ಎಂದ ಗುಮಾಸ್ತ ಮಿಲ್ಲಾರ್ಡ್ ಪೆಕ್. "ನನ್ನ ಕೆಲಸ ಹೋಯ್ತು."

ಹಾರ್ಟ್‌ವೆಲ್ ಕೌಂಟಿಯ ಕೋರ್ಟಿನ ದಾಖಲೆ ಕೋಣೆಯಲ್ಲಿ ಆಗ ಮೂವರಿದ್ದರು. ಒಬ್ಬ ಪೆಕ್. ಇನ್ನೊಬ್ಬರು ಅರ್ಲೀನ್ ಗ್ಯಾಸ್ಕಿನ್ಸ್, ಎಪ್ಪತ್ತು ದಾಟಿದ ಕಪ್ಪು ಹೆಂಗಸು, ನಿವೃತ್ತ ನರ್ಸ್. ಕಳೆದುಹೋದ ಆ ಹಾಳೆಯ ಅಧಿಕೃತ ನಕಲಿಗಾಗಿಯೇ ಅವರು ಬೆಳಗ್ಗೆಯಿಂದ ಕಾದು ಕೂತಿದ್ದರು. ಮೂರನೆಯವಳು ನೆಟ್ಟಿ ವಿಂಡ್ಲೋ. ಇಡೀ ಆಯುಷ್ಯ ಶೆರಿಫ್ ಕಚೇರಿಯಲ್ಲಿ ಬದುಕಿರುವ ಕಳ್ಳರನ್ನು ಹಿಡಿದು, ನಿವೃತ್ತಿಯಾದ ಮೇಲೆ ಸತ್ತುಹೋದ ಪೂರ್ವಜರ ಬೆನ್ನು ಹತ್ತಿದವಳು. ಆ ಕೋಣೆಯ ಕಿಟಕಿ ಪಕ್ಕದ ಮೇಜು ಅವಳದ್ದೇ ಅನ್ನುವಷ್ಟು ರೂಢಿ.

ಕಳೆದದ್ದು ಅವಳ ಮನೆತನದ ಮೂಲಪುರುಷ ಆಂಬ್ರೋಸ್ ವಿಂಡ್ಲೋನ ಉಯಿಲು. ವರ್ಜೀನಿಯಾ ಇನ್ನೂ ಇಂಗ್ಲೆಂಡಿನ ದೊರೆಯ ಕೈಯಲ್ಲಿದ್ದಾಗ ಬರೆದದ್ದು.

"ಪುಸ್ತಕದ ಫೋಟೋ ತೆಗೆದಿಟ್ಟ ಫಿಲ್ಮ್ ಇದೆಯಲ್ಲಾ ಪೆಕ್?" ಎಂದಳು ನೆಟ್ಟಿ.

"ಫಿಲ್ಮ್ ತೆಗ್ದವನು ಆ ಜಾಗದಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟಿದಾನಮ್ಮಾ. ಅದಿಲ್ಲ. ಇದೊಂದೇ ಇದ್ದಿದ್ದು."

ಅರ್ಲೀನ್ ಕುರ್ಚಿಯಿಂದ ಎದ್ದರು. "ಶುಕ್ರವಾರ ವಿಚಾರಣೆ ಇದೆ. ನಾನು ಪೆನ್ಸಿಲಲ್ಲಿ ಬರ್ಕೊಂಡಿರೋದನ್ನ ಜಡ್ಜ್ ಒಪ್ಪಲ್ಲ ಅಂದಿದಾರೆ. ಅದಿಲ್ದೆ ಹೋದ್ರೆ ನಮ್ಮೋರ ಸಮಾಧಿಗಳ ಮೇಲೆ ಬುಲ್ಡೋಜರ್ ಹತ್ತಿಸ್ತಾರೆ."

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ನದಿಯ ಪಕ್ಕದ ದಿಬ್ಬವನ್ನು ಒಂದು ಕಂಪನಿ ಕೊಂಡಿತ್ತು. ಅಲ್ಲಿ ದೋಣಿಕಟ್ಟೆ, ಹೋಟೆಲು ಕಟ್ಟುವ ಯೋಜನೆ. ದಿಬ್ಬದ ಮೇಲೆ ಗ್ಯಾಸ್ಕಿನ್ಸ್ ಮನೆಯವರ ಹಳೆಯ ಗೋರಿಗಳು. ಆ ಜಮೀನನ್ನು ಆಂಬ್ರೋಸ್ ವಿಂಡ್ಲೋ ತಮ್ಮ ಮೂಲಜ್ಜಿ ಹನ್ನಾಳಿಗೆ ಬರೆದುಕೊಟ್ಟಿದ್ದ ಎಂದು ಅರ್ಲೀನ್ ದಾವೆ ಹೂಡಿದ್ದರು. ನೆಟ್ಟಿ ಅದನ್ನು ಅಜ್ಜಿಕಥೆ ಎಂದುಕೊಂಡಿದ್ದಳು. ಅಣ್ಣ ಲೈಮನ್ ಬರೆದ ವಂಶಚರಿತ್ರೆಯಲ್ಲಿ ಉಯಿಲಿನ ಸಾರಾಂಶ ಅಚ್ಚಾಗಿತ್ತು. ಅದರಲ್ಲಿ ಅಂಥದ್ದೇನೂ ಇರಲಿಲ್ಲ.

ಪೆಕ್ ಹಾಜರಿ ಪುಸ್ತಕ ತಿರುವಿದ. "ಕೊನೇಗೆ ಈ ಪುಸ್ತಕ ಕೇಳಿ ತಗೊಂಡೋರು ಮಿಸೆಸ್ ಗ್ಯಾಸ್ಕಿನ್ಸೇ."

ನೆಟ್ಟಿ ಯೋಚಿಸಲಿಲ್ಲ. ಕೆಲಸ ಬಿಟ್ಟರೂ ನಾಲಗೆ ಬಿಟ್ಟಿರಲಿಲ್ಲ. "ಮೇಡಂ, ನಿಮ್ಮ ಬ್ಯಾಗ್ ಸ್ವಲ್ಪ ತೆಗೀತೀರಾ?"

ಪೆಕ್ ಹಾಜರಿ ಪುಸ್ತಕ ಮುಚ್ಚಿದ.

ಅರ್ಲೀನ್ ಅವಳ ಮುಖವನ್ನೇ ನೋಡಿದರು. ಅವರ ನೋಟದಲ್ಲಿ ಸಿಟ್ಟಿಗಿಂತ ಬೇರೆಯದೇನೋ ಇತ್ತು, ನೆಟ್ಟಿಗೆ ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ. ಪುದೀನ ಮಿಠಾಯಿ. ಚರ್ಚಿನ ಬೀಸಣಿಗೆ. ಬಿಪಿ ಮಾತ್ರೆ. ಪೆನ್ಸಿಲಿನಲ್ಲಿ ಬರೆದ ಎರಡು ಕಾಗದ. ನೆಟ್ಟಿ ಆ ಕಾಗದಗಳನ್ನು ಎತ್ತಿ, ತಿರುಗಿಸಿ ನೋಡಿ ವಾಪಸ್ ಇಟ್ಟಳು.

"ಹಾಳೆ ಬೇಕಾಗಿರೋದು ನಂಗೆ ಮಗಾ," ಎಂದರು ಅವರು ಮೆಲ್ಲಗೆ. "ನಂಗೆ ಬೇಕಾಗಿರೋದನ್ನ ನಾನೇ ಯಾಕೆ ಕದೀಲಿ?"

ನಾಲ್ಕನೇ ತರಗತಿಯ ಮಗುವಿಗೂ ಹೊಳೆಯುವ ಮಾತು. ಮೂವತ್ತು ವರ್ಷ ಕಳ್ಳರನ್ನು ಹಿಡಿದವಳಿಗೆ ಹೊಳೆದಿರಲಿಲ್ಲ. ನೆಟ್ಟಿಯ ಕಿವಿ ಬಿಸಿಯಾಯಿತು. ಕ್ಷಮೆ ಕೇಳಲು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಅರ್ಲೀನ್ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಹೊರಟುಹೋದರು.

* * *

ಅವಮಾನ ಉಂಡವರಿಗಿಂತ ಅವಮಾನ ಮಾಡಿದವರಿಗೇ ಕೆಲವೊಮ್ಮೆ ಕೂತಲ್ಲಿ ಕೂರಲಾಗುವುದಿಲ್ಲ. ಅರ್ಲೀನರಿಗೆ ಬೇರೆ ಸಾಕ್ಷಿಯನ್ನಾದರೂ ಹುಡುಕಿಕೊಡೋಣ ಎಂದು ನೆಟ್ಟಿ ಕ್ರಯಪತ್ರಗಳ ಪುಸ್ತಕಕ್ಕೆ ಕೈ ಹಾಕಿದಳು.

ಎಲ್ಲಿ ನೋಡಬೇಕೆಂದು ಅವಳಿಗೆ ಗೊತ್ತಿತ್ತು. ಆ ಕಾಲದಲ್ಲಿ ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಪಾಲು ಬದುಕಿರುವ ತನಕ ಹೆಂಡತಿಯದ್ದು. ಮಗ ಜಮೀನು ಮಾರಬೇಕಾದರೆ ತಾಯಿ ಕೋರ್ಟಿಗೆ ಬಂದು ತನ್ನ ಹಕ್ಕು ಬಿಟ್ಟುಕೊಡಬೇಕು. ಮಾರುವ ಜಮೀನಿನ ಎಲ್ಲೆಯೂ ಆ ಪತ್ರದಲ್ಲಿರುತ್ತದೆ. ಆಂಬ್ರೋಸನ ವಿಧವೆ ಜುಡಿತ್ ಎಲ್ಲಿ ಹೋದಳೆಂದು ವಿಂಡ್ಲೋ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ವಾರದ ಹಿಂದೆ ನೆಟ್ಟಿ ಪತ್ತೆ ಹಚ್ಚಿದ್ದಳು. ಜುಡಿತ್ ಮತ್ತೆ ಟಾರ್ಪ್ಲೆ ಎಂಬ ದೋಣಿಕಾರನನ್ನು ಮದುವೆಯಾಗಿದ್ದಳು. ಅವಳು ಹಕ್ಕು ಬಿಟ್ಟುಕೊಟ್ಟ ಪತ್ರ ಸೂಚಿಯಲ್ಲಿ 'ಟಾರ್ಪ್ಲೆ' ಎಂಬ ಹೆಸರಿನಡಿ ಸೇರಿಕೊಂಡು ಇಷ್ಟು ಕಾಲ ಅಡಗಿ ಕೂತಿತ್ತು. ಹೆಸರು ಸಿಕ್ಕಿದ ಸಂಭ್ರಮದಲ್ಲಿ ನೆಟ್ಟಿ ಪತ್ರದ ಉಳಿದ ಸಾಲು ಓದದೆ ಪುಸ್ತಕ ಮುಚ್ಚಿದ್ದಳು. ವಂಶವೃಕ್ಷದ ಹುಚ್ಚಿನವರ ಚಾಳಿಯೇ ಅದು.

ಈಗ ಆ ಪುಟ ತೆರೆದಳು.

ಅದೂ ಇರಲಿಲ್ಲ. ಅದೇ ಬ್ಲೇಡು, ಅದೇ ನಡುಗದ ಕೈ. ಈ ಪುಸ್ತಕದ ಫಿಲ್ಮನ್ನಂತೂ ಯಾರೂ ತೆಗೆದೇ ಇರಲಿಲ್ಲ.

ನೆಟ್ಟಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೂ ಮನಸ್ಸು ಒಂದು ದಾರಿ ಹುಡುಕಿತು. ಕಂಪನಿಯ ವಕೀಲನಿದ್ದಾನಲ್ಲ!

* * *

ವಕೀಲ ಗ್ರೇಡಿ ಸ್ಟ್ರಿಕ್ಲರ್ ಊಟದ ಅಂಗಡಿಯಲ್ಲಿ ಏಡಿಯ ವಡೆ ಮುರಿಯುತ್ತಿದ್ದ. ಅವನೂ ವಾರದ ಹಿಂದೆ ದಾಖಲೆ ಕೋಣೆಗೆ ಬಂದುಹೋಗಿದ್ದ.

"ಬನ್ನಿ ಶೆರಿಫಮ್ಮಾ. ಕೈಕೋಳ ತಂದಿದೀರಾ?"

"ಉಯಿಲಿನ ಹಾಳೆ ಹೋಗಿದೆ. ಲಾಭ ನಿನಗೇ."

"ಲಾಭ ನಂಗೆ ಹೌದು, ಕಳ್ಳ ನಾನಲ್ಲ. ಉಯಿಲಿದ್ರೂ ನಾನೇ ಗೆಲ್ತಿದ್ದೆ. 'ಹನ್ನಾಳ ಐವತ್ತು ಎಕರೆ' ಅಂತಿದೆ ಅದರಲ್ಲಿ. ಎಲ್ಲಿಯ ಐವತ್ತು? ಈ ದಿಬ್ಬವೇ ಅಂತ ಎಲ್ಲಿದೆ? ತೋರಿಸಲಿ."

"ಟಾರ್ಪ್ಲೆ ಪತ್ರದಲ್ಲಿ ಇರಬಹುದು," ಎಂದಳು ನೆಟ್ಟಿ, ಅವನ ಕಣ್ಣನ್ನೇ ನೋಡುತ್ತ.

"ಟಾರ್ಪ್ಲೆ ಯಾರು? ಪ್ಲಂಬರ್ರಾ?"

ಸುಳ್ಳು ಹೇಳುವವರ ಮುಖ ನೆಟ್ಟಿಗೆ ಗೊತ್ತು. ಈ ಮುಖದಲ್ಲಿ ಏಡಿಯ ಚೂರು ಬಿಟ್ಟು ಬೇರೇನೂ ಇರಲಿಲ್ಲ. ಅವನಿಗೆ ಆ ಹೆಸರು ಗೊತ್ತಿಲ್ಲ. ಗೊತ್ತಿಲ್ಲದವನು ಆ ಹಾಳೆ ಕೊಯ್ಯಲಾರ.

ಹಾಗಾದರೆ ಯಾರಿಗೆ ಗೊತ್ತು? ಆ ಪ್ರಶ್ನೆಯನ್ನು ಅವಳು ಬೇಕೆಂದೇ ಕೇಳಿಕೊಳ್ಳಲಿಲ್ಲ. ಕಾರು ಹತ್ತಿ ನೇರ ಅರ್ಲೀನರ ಮನೆಗೆ ಹೋದಳು.

* * *

ಅರ್ಲೀನ್ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ.

"ಇನ್ನೇನು ಹುಡುಕಬೇಕಿತ್ತು?"

"ನೀವು ಬರ್ಕೊಂಡಿರೋ ಆ ಕಾಗದ ಓದ್ಬೇಕು. ದಯವಿಟ್ಟು."

"ಬೆಳಗ್ಗೆ ಕೈಯಲ್ಲೇ ಇತ್ತಲ್ಲ. ಓದ್ಲಿಲ್ವಾ?"

"ಇಲ್ಲ." ನೆಟ್ಟಿ ನೆಲ ನೋಡಿದಳು. "ಕದ್ದ ಹಾಳೆ ಅಲ್ಲ ಅಂತ ಗೊತ್ತಾದ ಮೇಲೆ ವಾಪಸ್ ಇಟ್ಟೆ."

ಅರ್ಲೀನ್ ಕಾಗದ ತಂದುಕೊಟ್ಟರು. ಮೆಟ್ಟಿಲ ಮೇಲೆ ನಿಂತೇ ನೆಟ್ಟಿ ಓದಿದಳು. ಮೊದಲು ಮಗ ಜೊಸಾಯನಿಗೆ ಮನೆ, ಗಿರಣಿ. ಹೆಂಡತಿ ಜುಡಿತಳಿಗೆ ಹಾಸಿಗೆ, ಹಸು. ಇಷ್ಟು ಅಣ್ಣನ ಪುಸ್ತಕದಲ್ಲೂ ಇತ್ತು. ಆಮೇಲಿನದು ಇರಲಿಲ್ಲ. 'ಸ್ವತಂತ್ರ ಹೆಂಗಸಾದ ಕಪ್ಪು ಹನ್ನಾಳಿಗೂ, ಅವಳಲ್ಲಿ ನನಗೆ ಹುಟ್ಟಿದ ಮೂವರು ಮಕ್ಕಳಿಗೂ ಐವತ್ತು ಎಕರೆ. ಅದನ್ನು ಅಳೆದು ಅವರ ಕೈಗೊಪ್ಪಿಸುವ ಹೊಣೆ ಜೊಸಾಯನದು.'

ನೆಟ್ಟಿ ಎರಡು ಸಲ ಓದಿದಳು. ಹೊಸಬರಿಗೆ ಪಾಠ ಹೇಳುವಾಗ ಅವಳ ಮೊದಲ ಮಾತೇ 'ಸಾರಾಂಶ ನಂಬಬೇಡಿ, ಮೂಲ ನೋಡಿ' ಎಂಬುದು. ತನ್ನದೇ ಮನೆತನದ ಮೂಲವನ್ನು ಒಂದು ದಿನವೂ ತೆರೆದು ನೋಡಿರಲಿಲ್ಲ. ಅಣ್ಣ ಬರೆದಿದ್ದಾನಲ್ಲ, ಸಾಕು ಎಂದುಕೊಂಡಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

"ಕದ್ದೋರು ಯಾರು ಅಂತ ಗೊತ್ತಾಯ್ತಾ?" ಎಂದರು ಅರ್ಲೀನ್.

"ಗೊತ್ತಾಯ್ತು," ಎಂದಳು ನೆಟ್ಟಿ. ಕಾಗದವನ್ನು ಎರಡೂ ಕೈಯಿಂದ ವಾಪಸ್ ಕೊಟ್ಟಳು.

* * *

ಲೈಮನ್ ವಿಂಡ್ಲೋ ಆರಾಮಕುರ್ಚಿಯಲ್ಲಿ ಕೂತು ಭಾಷಣ ತಿದ್ದುತ್ತಿದ್ದ. ಇಂಗ್ಲೆಂಡಿನಿಂದ ಮೊದಲು ಬಂದು ನೆಲೆಸಿದ ಮನೆತನಗಳ ಸಂಘಕ್ಕೆ ಅವನು ಅಧ್ಯಕ್ಷ. ಶನಿವಾರ ಕೋರ್ಟಿನ ಮುಂದೆ 'ಪ್ರಾಮಾಣಿಕ ಜೊಸಾಯ'ನ ಹೆಸರಿನ ಕಂಚಿನ ಫಲಕ ಇಡುವವರಿದ್ದರು. ಅಪ್ಪ ಅಮ್ಮ ದೋಣಿ ಮಗುಚಿ ತೀರಿಕೊಂಡ ಮೇಲೆ ನೆಟ್ಟಿಯನ್ನು ಬೆಳೆಸಿದವನು ಈ ಅಣ್ಣ. ಮೊದಲ ಸಲ ಕೋರ್ಟಿಗೆ ಕರೆದುಕೊಂಡು ಹೋಗಿ ಹಳೆಯ ಅಕ್ಷರ ಓದಲು ಕಲಿಸಿದವನೂ ಅವನೇ.

"ಬಾ ನೆಟ್ಟೀ. ಹ್ಯಾಮ್ ಇದೆ, ತಿಂತೀಯಾ?"

"ಬೇಡ ಅಣ್ಣ. ಹಾಳೆಗಳು ಎಲ್ಲಿವೆ?"

ಪೆನ್ನು ನಿಂತಿತು. "ಯಾವ ಹಾಳೆ?"

"ಹೋಗಿರೋದು ಎರಡು ಹಾಳೆ. ಉಯಿಲು ಕದ್ದೋರು ಯಾರಾದ್ರೂ ಆಗಿರಬಹುದು. ಎರಡನೇದು ಟಾರ್ಪ್ಲೆ ಹೆಸರಲ್ಲಿತ್ತು. ವಿಂಡ್ಲೋ ಅಂತ ಹುಡುಕೋನಿಗೆ ಜನ್ಮದಲ್ಲಿ ಸಿಗಲ್ಲ. ಜುಡಿತ್ ಟಾರ್ಪ್ಲೆ ಆದ್ಲು ಅನ್ನೋದು ಈ ಲೋಕದಲ್ಲಿ ಇಬ್ಬರಿಗೇ ಗೊತ್ತು. ಒಬ್ಳು ನಾನು. ಇನ್ನೊಬ್ರಿಗೆ ಹೆಸರು ಸಿಕ್ಕಿದ ಆ ಭಾನುವಾರ ಇದೇ ಮೇಜಲ್ಲಿ ಕೂತು ಜಂಬ ಕೊಚ್ಕೊಂಡು ನಾನೇ ಹೇಳ್ದೆ."

ಲೈಮನ್ ಪೆನ್ನಿಗೆ ಮುಚ್ಚಳ ಹಾಕಿದ.

"ಫಿಲ್ಮಲ್ಲಿ ಆ ಪುಟ ಇಲ್ಲ ಅಂತ ಖಾತ್ರಿ ಇಲ್ದೆ ಯಾರೂ ಬ್ಲೇಡ್ ಹಾಕಲ್ಲ. ಪುಸ್ತಕ ಬರೆಯೋವಾಗ ಫಿಲ್ಮ್ ಪೂರ್ತಿ ನೋಡಿ, ಆ ಪುಟ ಸಿಗದೆ ಮೂಲಾನೇ ತೆರೆದೋನು ನೀನು. ಇಷ್ಟೂ ಸಾಲದು ಅಂದ್ರೆ, ಉಯಿಲಿನ ಸಾರಾಂಶದಲ್ಲಿ ಹನ್ನಾಳನ್ನ ಇಪ್ಪತ್ತು ವರ್ಷದ ಹಿಂದೇನೇ ಅಳಿಸಿದೋನೂ ನೀನೇ. ಈಗ ಬರೀ ಕಾಗದ ಕೊಯ್ದೆ, ಅಷ್ಟೇ."

"ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಲ್ಲ," ಎಂದ ಲೈಮನ್.

"ಅಧ್ಯಕ್ಷರ ಹತ್ರ ಪೆಕ್ ಯಾವತ್ತು ಸಹಿ ಹಾಕಿಸ್ಕೊಂಡಿದಾನೆ? ಸಹಿ ಹಾಕ್ಬೇಕಾದೋರು ಮಿಸೆಸ್ ಗ್ಯಾಸ್ಕಿನ್ಸ್ ಥರದೋರು."

ಆ ಮಾತು ಆಡುವಾಗ ಅವಳಿಗೇ ಚುಚ್ಚಿತು.

"ಸುಟ್ಟು ಹಾಕ್ದೆ," ಎಂದ ಅವನು.

"ಇಲ್ಲ ಅಣ್ಣ. ಹಳೇ ರೊಟ್ಟಿ ಅಂಗಡಿ ಚೀಟಿ ಸಿಕ್ರೂ ಬಿಸಾಡದೋನು ನೀನು. ದೊರೆ ಕಾಲದ ಹಾಳೆ ಸುಡೋಕೆ ನಿನ್ನ ಕೈಲಿ ಆಗಲ್ಲ."

ಅವಳು ಎದ್ದು ಕಪಾಟು ತೆರೆದಳು. ಅವನು ತಡೆಯಲಿಲ್ಲ. ಎರಡೂ ಹಾಳೆಗಳು ಅಲ್ಲೇ ಇದ್ದವು, ಹಳೆಯ ಕಾಗದಕ್ಕೆಂದೇ ಮಾಡಿದ ದುಬಾರಿ ಲಕೋಟೆಯೊಳಗೆ, ಒಂದು ಮಡಿಕೆಯೂ ಇಲ್ಲದೆ. ಲಕೋಟೆಯ ಮೂಲೆಯಲ್ಲಿ ಅವನ ಮುದ್ದಾದ ಅಕ್ಷರ. 'ಉಯಿಲು ಪುಸ್ತಕ 3, ಪುಟ 119–120, ಹಾರ್ಟ್‌ವೆಲ್ ಕೌಂಟಿ.' ಕದ್ದ ಮಾಲಿನ ಮೇಲೆ ಕದ್ದ ಜಾಗದ ವಿಳಾಸ! ಆಕರ ಬರೆಯದೆ ಒಂದು ಚೂರು ಕಾಗದವನ್ನೂ ಎತ್ತಿಡಬಾರದು ಎಂದು ತಂಗಿಗೆ ಕಲಿಸಿದ್ದವನು ಕಳ್ಳತನದಲ್ಲೂ ಆ ಶಿಸ್ತು ಬಿಟ್ಟಿರಲಿಲ್ಲ. ಬೇರೆ ಹೊತ್ತಿನಲ್ಲಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಟಾರ್ಪ್ಲೆ ಪತ್ರವನ್ನು ಅವಳು ಈ ಸಲ ಕೊನೆಯವರೆಗೂ ಓದಿದಳು. ಜೊಸಾಯ ಮಾರಿದ ಜಮೀನಿನ ಎಲ್ಲೆ ಅದರಲ್ಲಿತ್ತು. 'ನದಿ ತಿರುವಿನ ದಿಬ್ಬ, ಹನ್ನಾ ವಾಸವಾಗಿರುವ ಐವತ್ತು ಎಕರೆಯೂ ಸೇರಿ.' ಹನ್ನಾಳ ಮಕ್ಕಳಾದ ತನ್ನ ತಮ್ಮ-ತಂಗಿಯರಿಗೆ ಅಳೆದುಕೊಡಬೇಕಾದ್ದನ್ನು ತನ್ನದೆಂದು ಮಾರಿಬಿಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಹಣದಲ್ಲಿ ಕೊಂಡ ನೆಲದ ಮೇಲೇ ಲೈಮನ್ನನ ಮನೆ ನಿಂತಿತ್ತು.

"ಕಪ್ಪು ನೆಂಟರು ಇದಾರೆ ಅಂತ ನಾಚಿಕೆ ಆಯ್ತಾ ಅಣ್ಣ?"

"ಇಲ್ಲ. ಜೊಸಾಯ ಕಳ್ಳ ಅಂತ." ತಿದ್ದುತ್ತಿದ್ದ ಭಾಷಣವನ್ನು ಬದಿಗಿಟ್ಟು ಅವನೇ ಅಂದ, "ಮೊದಲನೇದೂ ಆಯ್ತು. ಸುಳ್ಳು ಯಾಕೆ ಹೇಳ್ಲಿ."

"ನೀನು ಕೊಯ್ದ ಹಾಳೆಗೆ ನಾನು ಆ ಹೆಂಗಸಿನ ಬ್ಯಾಗ್ ಹುಡುಕಿಸ್ದೆ."

ಲೈಮನ್ ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೆಟ್ಟಿ ಅಪ್ಪ ಅಮ್ಮನ ಮಣ್ಣಿನ ದಿನವೂ ನೋಡಿರಲಿಲ್ಲ. ಸಮಾಧಾನ ಮಾಡಬೇಕೆನ್ನಿಸಿತು. ಮಾಡಲಿಲ್ಲ.

"ಕೋಟು ಹಾಕ್ಕೋ," ಎಂದಳು. "ಮೊದಲು ಶೆರಿಫ್ ಹತ್ರ. ಶುಕ್ರವಾರ ಜಡ್ಜ್ ಮುಂದೆ."

* * *

ಶುಕ್ರವಾರ ಕೋರ್ಟು ತುಂಬಿತ್ತು. ಲೈಮನ್ ನಿಂತು ಎಲ್ಲ ಹೇಳಿದ. ಧ್ವನಿ ಸಣ್ಣದಾಗಿತ್ತು, ಒಂದು ಮಾತೂ ಮುಚ್ಚಿಡಲಿಲ್ಲ. ನೆಟ್ಟಿ ಎರಡು ಹಾಳೆಗಳನ್ನು ಆಯಾ ಪುಸ್ತಕದಲ್ಲಿ ಉಳಿದ ಅಂಚಿಗೆ ಜೋಡಿಸಿ ತೋರಿಸಿದಳು. ಕೊಯ್ದ ಗೆರೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಉಯಿಲು ಐವತ್ತು ಎಕರೆ ಕೊಟ್ಟಿತ್ತು; ಪತ್ರ ಆ ಐವತ್ತು ಎಕರೆ ಎಲ್ಲಿಯದೆಂದು ಹೇಳಿತು. ವಕೀಲ ಸ್ಟ್ರಿಕ್ಲರ್ ಕಾಗದ ತಿರುವಿ, ತಿರುವಿ, ಕೊನೆಗೆ ಕೂತುಬಿಟ್ಟ. ದಾವೆ ಮುಗಿಯುವವರೆಗೆ ದಿಬ್ಬದ ಮೇಲೆ ಒಂದು ಸಲಿಕೆಯೂ ಬೀಳಕೂಡದೆಂದು ಜಡ್ಜ್ ಆಜ್ಞೆ ಮಾಡಿದರು. ಲೈಮನ್ನನ ಮೇಲೆ ಕಳ್ಳತನದ ಮೊಕದ್ದಮೆ ದಾಖಲಾಯಿತು. ಕಂಚಿನ ಫಲಕದ ಸುದ್ದಿಯನ್ನು ಸಂಘದವರು ಯಾರೂ ಎತ್ತಲಿಲ್ಲ.

ಹೊರಗೆ ಮೆಟ್ಟಿಲ ಬಳಿ ನೆಟ್ಟಿ ಅರ್ಲೀನರ ದಾರಿ ಕಾದಳು.

"ನನ್ನದು ತಪ್ಪಾಯ್ತು," ಎಂದಳು. "ಅವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ಇನ್ಮೇಲೆ ನಮ್ಮ ವಂಶವೃಕ್ಷದಲ್ಲಿ ಹನ್ನಾ, ಅವಳ ಮಕ್ಕಳು, ನೀವು, ಎಲ್ಲರ ಹೆಸರೂ ಬರೀತೀನಿ."

"ಬರಿ," ಎಂದರು ಅರ್ಲೀನ್. "ನಮ್ಮದರಲ್ಲಿ ನಿನ್ನ ಹೆಸರು ಯಾವಾಗ್ಲೋ ಇದೆ."

"ನನ್ನ ಹೆಸರಾ?"

"ನಿಂದು, ನಿಮ್ಮಣ್ಣಂದು, ನಿಮ್ಮಪ್ಪಂದು. ನಮ್ಮಮ್ಮ ಬರೆಸಿದ್ದು. ಜೊಸಾಯ ಹನ್ನಾಳ ಮಕ್ಕಳಿಗೆ ಅಣ್ಣ ಅಲ್ವಾ, ಬಿಡೋಕಾಗುತ್ತಾ? ನೀನು ಶೆರಿಫ್ ಕಚೇರಿ ಸೇರಿದಾಗ ನಮ್ಮಮ್ಮ ಪೇಪರಲ್ಲಿ ಫೋಟೋ ನೋಡಿ, 'ನಮ್ಮ ಹುಡುಗಿ ನೋಡೇ' ಅಂದಿದ್ಲು."

"ಹಾಗಾದ್ರೆ ಆ ದಿನ, ನಾನು ಬ್ಯಾಗ್ ತೆಗೀರಿ ಅಂದಾಗ..."

"ನೆಂಟಳು ಅಂತ ಗೊತ್ತಿದ್ದೇ ತೆಗ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

ಅರ್ಲೀನ್ ಮೆಟ್ಟಿಲಿಳಿಯುತ್ತ ಪಕ್ಕದ ಕಂಬಿ ಹಿಡಿದು ನಿಂತರು. "ಹೇಳಿದ್ರೆ ಏನ್ಮಾಡ್ತಿದ್ದೆ ಮಗಾ? ನಂಬ್ದೆ ಇನ್ನೊಂದ್ಸಲ ಹುಡುಕಿಸ್ತಿದ್ದೆ."

ಅಲ್ಲ ಎಂದು ಹೇಳಲು ನೆಟ್ಟಿ ತಲೆಯೆತ್ತಿದಳು. ಆಮೇಲೆ ತಗ್ಗಿಸಿದಳು. ಅವರು ಹೇಳಿದ್ದು ನಿಜವಾಗಿತ್ತು.